ಕಂಬ ನಮ್ಮೂರದು, ಮಾತು ಯಾರದು?

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಒತ್ತಾಯಪಡಿಸಿದಾಗ, ಶಾಲೆಯ ಮೊದಲ ಕೋಣೆ, ಮೊದಲ ಹಾಜರಿ ಪುಸ್ತಕ, ಮೊದಲ ತಂಡದ ಗುರುಗಳು ಇವುಗಳ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ನಿರ್ವಹಿಸಬಲ್ಲವರು ಇದೇ ಸಂಚಿಕೆಯಲ್ಲಿದ್ದಾರೆ. ನಾನು ಆಯ್ದುಕೊಂಡ ವಿಷಯ ದೂರದರ್ಶನ. ಶಾಲೆಗೂ ದೂರದರ್ಶನಕ್ಕೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಶಾಲೆಯ ವಯಸ್ಸೂ ಕನ್ನಡ ದೂರದರ್ಶನದ ವಯಸ್ಸೂ ಸರಿಸುಮಾರು ಒಂದೇ ಎಂಬುದು ಒಂದು ಕಾರಣ. ಮಗು ಶಾಲೆಯಲ್ಲಿ ಕಳೆಯುವುದು ದಿನಕ್ಕೆ ಐದಾರು ತಾಸು ಮಾತ್ರ. ಎಚ್ಚರವಿರುವ ಉಳಿದ ಹೊತ್ತಿನಲ್ಲಿ ಅದರ ಕಿವಿಗೆ ಬೀಳುವ ಮಾತು ಯಾವುದು ಎಂಬುದರ ಮೇಲೆ ನಮ್ಮ ಪಾಠದ ಅರ್ಧ ಫಲ ನಿಂತಿರುತ್ತದೆ ಎಂಬುದು ಎರಡನೆಯ ಕಾರಣ, ಹಾಗೂ ಹೆಚ್ಚು ಮುಖ್ಯವಾದುದು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಬಾಳೆಲ್ಲ ಕಳೆದವನಿಗೆ ಇದು ಪುಸ್ತಕದ ಮಾತಲ್ಲ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಊರಿನಲ್ಲಿ ಎತ್ತರವಾದ ಕಬ್ಬಿಣದ ಕಂಬವೊಂದು ನಿಂತಿತೆಂದರೆ 'ನಮ್ಮೂರಿಗೆ ಟೀವಿ ಕೇಂದ್ರ ಬಂತು' ಎಂದು ಜನ ಹಿಗ್ಗುತ್ತಿದ್ದರು. ಹಾಗೆ ಬಂದುದು ಬಹಳ ಸಲ ಕೇಂದ್ರವಾಗಿರಲಿಲ್ಲ, ಮರುಪ್ರಸಾರದ ಯಂತ್ರವಾಗಿತ್ತು. ಕೇಂದ್ರವೆಂದರೆ ಅಲ್ಲಿ ಕಾರ್ಯಕ್ರಮ ತಯಾರಾಗಬೇಕು. ಊರಿನ ರೈತನೋ ಶಿಕ್ಷಕನೋ ಅಲ್ಲಿಗೆ ಹೋಗಿ ಕ್ಯಾಮರಾದ ಮುಂದೆ ಕುಳಿತು ತನ್ನ ಮಾತು ಆಡಬೇಕು. ಮರುಪ್ರಸಾರದ ಯಂತ್ರಕ್ಕೆ ಸ್ವಂತ ಬಾಯಿಯಿಲ್ಲ. ಮೇಲಿನಿಂದ ಬಂದುದನ್ನು ಸುತ್ತಲಿನ ಹತ್ತಾರು ಕಿಲೋಮೀಟರಿಗೆ ಹಂಚುವುದಷ್ಟೇ ಅದರ ಧರ್ಮ. ಆದುದರಿಂದ ಕಂಬ ಎಲ್ಲಿದೆ ಎನ್ನುವುದಕ್ಕಿಂತ ಅದನ್ನು ಯಾವ ಜಾಲಕ್ಕೆ ಕಟ್ಟಿದ್ದಾರೆ ಎನ್ನುವುದೇ ಮುಖ್ಯ.

ಅಮೆರಿಕೆಯಲ್ಲಿ ಈ ವ್ಯವಸ್ಥೆ ಬೇರೆ ಬಗೆಯದು. ಅಲ್ಲಿ ಊರೂರಿನ ಎಷ್ಟೋ ಕೇಂದ್ರಗಳು ಬೇರೆ ಬೇರೆ ಮಾಲೀಕರ ಸ್ವತ್ತು. ಅವು ಎನ್‌ಬಿಸಿ, ಸಿಬಿಎಸ್, ಎಬಿಸಿ ಮುಂತಾದ ದೊಡ್ಡ ಜಾಲಗಳೊಡನೆ ಕರಾರು ಮಾಡಿಕೊಂಡು ಅವರ ಕಾರ್ಯಕ್ರಮಗಳನ್ನು ಬಿತ್ತರಿಸುತ್ತವೆ. ಕರಾರು ಮುಗಿದರೆ ಜಾಲ ಬದಲಿಸುತ್ತವೆ. 1994ರ ಮೇ ತಿಂಗಳಿನಲ್ಲಿ ಒಂದೇ ಒಡೆತನದ ಹನ್ನೆರಡು ಕೇಂದ್ರಗಳು ಹಳೆಯ ಜಾಲಗಳನ್ನು ಬಿಟ್ಟು ಫಾಕ್ಸ್ ಎಂಬ ಹೊಸ ಜಾಲವನ್ನು ಸೇರುವುದಾಗಿ ಘೋಷಿಸಿದಾಗ ಆ ದೇಶದ ದೂರದರ್ಶನ ರಂಗವೇ ತಲ್ಲಣಿಸಿತು. ಆದರೆ ಯಾವ ಜಾಲ ಸೇರಿದರೂ ಸಂಜೆಯ ಊರ ಸುದ್ದಿ, ಊರ ಮಳೆಗಾಳಿಯ ವಿವರ ಆ ಊರಿನದೇ ಆಗಿರುವುದು ಅಲ್ಲಿಯ ವಾಡಿಕೆ. ನಮ್ಮಲ್ಲಿ ಕರಾರೂ ಇರಲಿಲ್ಲ, ಆಯ್ಕೆಯೂ ಇರಲಿಲ್ಲ. ಕಂಬವು ಯಾವ ರಾಜ್ಯದ ನೆಲದಲ್ಲಿದೆಯೋ ಆ ರಾಜ್ಯದ ರಾಜಧಾನಿಗೆ, ಅದಕ್ಕೂ ಮೊದಲು ದಿಲ್ಲಿಗೆ, ಅದನ್ನು ಕಟ್ಟಲಾಯಿತು. ಕಂಬದ ಕೆಳಗಿನ ಮನೆಗಳಲ್ಲಿ ಯಾವ ಮಾತು ನಡೆಯುತ್ತದೆಂದು ಕೇಳುವ ಪದ್ಧತಿ ಇರಲಿಲ್ಲ. ಗಡಿಯ ಕನ್ನಡಿಗನ ಐವತ್ತು ವರ್ಷಗಳ ದೂರದರ್ಶನದ ಚರಿತ್ರೆಯೆಲ್ಲ ಇದೊಂದು ಗಂಟಿನಿಂದಲೇ ಬಿಚ್ಚಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಾಂಗಲಿಗೆ ಇಂಥ ಗಡಿ ಹಿಂದೆ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳದ ಆಟವನ್ನು ಸಾಂಗಲಿಯಲ್ಲಿ ಕಂಡ ಬಳಿಕ, ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರ ಪ್ರೋತ್ಸಾಹದಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ'ವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದಲೇ ಎಣಿಸುತ್ತದೆ. ಮೇಳಕ್ಕೆ ಪರವಾನಗಿಯ ಗಡಿ ಇರಲಿಲ್ಲ, ಎತ್ತಿನ ಗಾಡಿ ಹೋದಲ್ಲಿಗೆ ಆಟ ಹೋಗುತ್ತಿತ್ತು.

ಆಕಾಶವಾಣಿಯ ಕಾಲಕ್ಕೂ ಈ ಉದಾರತೆ ಉಳಿದಿತ್ತು. ಧಾರವಾಡ ಕೇಂದ್ರವು 1950ರ ಜನೆವರಿ 8ರಂದು ಆರಂಭವಾಯಿತು. ಸಾಂಗಲಿ ಕೇಂದ್ರವು 1963ರ ಅಕ್ಟೋಬರ್ 6ರಂದು ಆರಂಭವಾಯಿತು; ಅದರ ಮಾತು ಮರಾಠಿ, ಅದು ಸಹಜವೂ ಹೌದು. ನಾನು ಆಗ ಜತ್ತ ತಾಲೂಕಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿ. ಮೀಡಿಯಂ ವೇವ್ ಎಂಬ ತರಂಗಕ್ಕೆ ರಾಜ್ಯದ ನಕಾಶೆ ತಿಳಿಯದು. ನೂರೈವತ್ತು ಕಿಲೋಮೀಟರಿಗೂ ಆಚೆಯ ಧಾರವಾಡ ನಮ್ಮ ಪಡಸಾಲೆಯಲ್ಲಿ ನಿಚ್ಚಳವಾಗಿ ಕೇಳಿಸುತ್ತಿತ್ತು. ಮುಳ್ಳನ್ನು ಒಂದಿಷ್ಟು ಹೊರಳಿಸಿದರೆ ಸಾಂಗಲಿ, ಇನ್ನೊಂದಿಷ್ಟು ಹೊರಳಿಸಿದರೆ ಧಾರವಾಡ. ಸೊಲ್ಲಾಪುರದ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಕಲಿಸಿದ ಬೇಂದ್ರೆಯವರು ಧಾರವಾಡ ಆಕಾಶವಾಣಿಯ ಸಲಹೆಗಾರರಾಗಿದ್ದ ಕಾಲವದು. ಗಡಿಯ ಬದುಕು ಬಲ್ಲವರೊಬ್ಬರು ಅಲ್ಲಿದ್ದರೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ರೈತರ ಕಾರ್ಯಕ್ರಮದ ಮಾತು ನಮ್ಮ ಅಪ್ಪನ ಮಾತಿನಂತೆಯೇ ಇತ್ತು. ನನ್ನ ಕನ್ನಡದ ಉಚ್ಚಾರ ತಿದ್ದಿದ್ದು ಅರ್ಧ ನನ್ನ ಗುರುಗಳು, ಅರ್ಧ ಆ ಪೆಟ್ಟಿಗೆ.

ದೂರದರ್ಶನದ ಪ್ರವೇಶವಾದುದು ಆಶ್ಚರ್ಯಕರವಾದ ರೀತಿಯಲ್ಲಿ. ಮುಂಬಯಿಯಲ್ಲಿ ಕೇಂದ್ರವು 1972ರ ಅಕ್ಟೋಬರ್ 2ರಿಂದಲೇ ನಡೆದಿತ್ತು. ಆದರೆ ನಮ್ಮ ಸೀಮೆಯ ಹಳ್ಳಿಗರು ಟೀವಿಯನ್ನು ಮೊದಲು ಕಂಡುದು ಪೂರ್ವದ ದಿಕ್ಕಿನಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, 'ಸೈಟ್' ಎಂದು ಹೆಸರಾದ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಸಂಸ್ಥೆಯು ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಒದಗಿಸಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಾರ್ವಜನಿಕ ಟೀವಿ ಪೆಟ್ಟಿಗೆ ಇರಿಸಿ, ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯ ಹತ್ತಡಿ ಅಗಲದ ಛತ್ರಿಯಿಂದ ನೇರವಾಗಿ ಉಪಗ್ರಹದ ಸಂಕೇತ ಹಿಡಿದರು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಬಿಜಾಪುರ ಜಿಲ್ಲೆಯ ಮೇರೆ ಎಂದರೆ ನಮ್ಮ ಜತ್ತ ತಾಲೂಕಿನ ಮೇರೆ. ನನ್ನ ಸೋದರತ್ತೆಯ ಊರಿನ ಶಾಲೆಯ ಕಟ್ಟೆಯ ಮೇಲೆ ಆ ಪೆಟ್ಟಿಗೆಯನ್ನು ನಾನು ನೋಡಿದ್ದೇನೆ. ಮುಂಜಾನೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ. ಗಡಿಯೀಚೆಯ ನಮ್ಮವರು ಬುತ್ತಿ ಕಟ್ಟಿಕೊಂಡು ಗಾಡಿ ಹೂಡಿ ಹೋಗಿ ನೋಡಿ ಬರುತ್ತಿದ್ದರು.

ಆ ಪ್ರಯೋಗದ ಎರಡು ವಿವರಗಳನ್ನು ವಾಚಕರು ಲಕ್ಷ್ಯವಿಟ್ಟು ಗಮನಿಸಬೇಕೆಂದು ಕೋರುತ್ತೇನೆ. ಒಂದನೆಯದಾಗಿ, ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಬೆಂಗಳೂರಿನಲ್ಲಲ್ಲ, ಹೈದರಾಬಾದಿನಲ್ಲಿ. ತೆಲುಗು ಮತ್ತು ಕನ್ನಡ ಎರಡಕ್ಕೂ ಅದೊಂದೇ ತಯಾರಿಕಾ ಕೇಂದ್ರ. ಎರಡನೆಯದಾಗಿ, ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಒಯ್ಯಬಲ್ಲದ್ದಾಗಿತ್ತು. ಒಂದೇ ಚಿತ್ರ ಎರಡು ಭಾಷೆಯ ಹಳ್ಳಿಗಳಲ್ಲಿ ಮೂಡಬಹುದು, ಒಂದೆಡೆ ಒಂದು ನುಡಿ, ಇನ್ನೊಂದೆಡೆ ಇನ್ನೊಂದು. ಒಂದು ಜಾಲಕ್ಕೆ ಒಂದೇ ಭಾಷೆ ಎಂಬುದು ಯಂತ್ರದ ನಿರ್ಬಂಧವಾಗಿರಲಿಲ್ಲ ಎಂಬುದು 1975ರಲ್ಲಿಯೇ ಸಿದ್ಧವಾಗಿತ್ತು. ಮುಂದೆ ಬಂದ ನಿರ್ಬಂಧವೆಲ್ಲ ಆಡಳಿತದ್ದು.

ವರ್ಷ ತುಂಬುತ್ತಲೇ ಉಪಗ್ರಹವನ್ನು ಅಮೆರಿಕೆಯ ದಿಕ್ಕಿಗೆ ಸರಿಸಿಕೊಂಡು ಹೋದರು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಪ್ರೇಷಕ ಬಂತು. ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಆರಂಭವಾಯಿತು. 1982ರ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ ಮತ್ತು ಬಣ್ಣದ ಪ್ರಸಾರ; 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿ ಉಪಗ್ರಹ; 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಅಲ್ಪಶಕ್ತಿಯ ಪ್ರೇಷಕಗಳು. ಆ ಭರಾಟೆಯಲ್ಲಿಯೇ ನಮ್ಮ ಭಾಗಕ್ಕೂ ಕಂಬ ಬಂತು. ಮೊದಮೊದಲು ಅದು ದಿಲ್ಲಿಯದನ್ನು ಮಾತ್ರ ಕೊಡುತ್ತಿತ್ತು, ಮುಂದೆ ಮುಂಬಯಿಯ ಮರಾಠಿಯೂ ಬಂತು. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕಾಗವಾಡದ ಕಡೆಯವರಿಗೆ ಬೆಂಗಳೂರು, ಮಿರಜದವರಿಗೆ ಮುಂಬಯಿ, ಹೀಗೆ ಪಾಲಾಯಿತು. ಮರಾಠಿಯ ಬಗ್ಗೆ ನನಗೆ ಲವಲೇಶವೂ ಅಸಮಾಧಾನವಿಲ್ಲ. ಅದು ನನ್ನ ಓಣಿಯ ಮಾತು, ಅದರಲ್ಲಿಯೇ ನನ್ನ ಕಾಯಿಪಲ್ಲೆ ಕೊಳ್ಳುತ್ತೇನೆ, ಅದರಲ್ಲಿಯೇ ನನ್ನ ಸ್ನೇಹಿತರೊಡನೆ ಜಗಳಾಡುತ್ತೇನೆ. ನನ್ನ ಪ್ರಶ್ನೆ ಮರಾಠಿ ಏಕೆ ಬಂತೆಂಬುದಲ್ಲ, ಕನ್ನಡ ಜೊತೆಗೇ ಏಕೆ ಬರಲಿಲ್ಲವೆಂಬುದು.

ಆ ಕಾಲದ ಪಾಲಕರು ಪಟ್ಟ ಪಾಡನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಮಾಳಿಗೆಯ ಮೇಲೆ ಉದ್ದನೆಯ ಕೊಳವೆ ನಿಲ್ಲಿಸಿ, ಅದರ ತುದಿಯ ಆಂಟೆನಾವನ್ನು ಬೆಳಗಾವಿಯ ದಿಕ್ಕಿಗೆ ಹೊರಳಿಸಿ, ಕೆಳಗಿನಿಂದ ಹೆಂಡತಿ 'ಇನ್ನಷ್ಟು, ಇನ್ನಷ್ಟು, ಹೋತು, ಹೋತು' ಎಂದು ಕೂಗುತ್ತಿರಲು ಮೇಲಿನಿಂದ ಗಂಡ ಬೆವರುತ್ತಿದ್ದುದು ಒಂದು ಮನೆಯ ಕಥೆಯಲ್ಲ. ಪರದೆಯ ಮೇಲೆ ಮೂಡುತ್ತಿದ್ದುದು ಬಹುಪಾಲು ಇರುವೆಗಳ ಸಂತೆ. ರವಿವಾರ ಮಧ್ಯಾಹ್ನ ದಿಲ್ಲಿಯವರು ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ಸರದಿಯ ಮೇಲೆ ತೋರಿಸುತ್ತಿದ್ದರು. ಕನ್ನಡದ ಸರದಿ ಎಂದು ಬರುವುದೋ ಎಂದು ವಾರಗಟ್ಟಲೆ ಕಾಯುತ್ತಿದ್ದೆವು. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಬಂದಾಗ ಕನ್ನಡದ ನಟರೆಲ್ಲ ಪರದೆಯ ಮೇಲಿದ್ದರು, ಮಾತು ಮಾತ್ರ ಹಿಂದಿ. ನನ್ನ ತಾಯಿ ಅದನ್ನು ನೋಡಿ, 'ನಮ್ಮ ಮಂದೀನ ಅದಾರ, ಆದರ ನಮ್ಮ ಕೂಡ ಮಾತಾಡವೊಲ್ಲರು' ಎಂದರು. ಸರಕಾರದ ಪ್ರಸಾರ ನೀತಿಯ ಮೇಲೆ ಅದಕ್ಕಿಂತ ಸಮರ್ಪಕವಾದ ಟೀಕೆಯನ್ನು ನಾನು ಎಲ್ಲಿಯೂ ಓದಿಲ್ಲ.

ಇದು ನಮ್ಮದೊಂದೇ ಗೋಳಲ್ಲ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿಯೂ ತಮ್ಮ ನುಡಿಯ ವಾಹಿನಿಗಾಗಿ ಜನ ಬಹುಕಾಲ ಹೋರಾಡಿದರು. ಕೊಡುತ್ತೇವೆಂದು ಮಾತು ಕೊಟ್ಟ ಸರಕಾರ ಹಿಂದೆ ಸರಿದಾಗ, 1980ರಲ್ಲಿ ಗ್ವಿನ್‌ಫರ್ ಎವಾನ್ಸ್ ಎಂಬ ವೃದ್ಧ ನಾಯಕರು ಆಮರಣ ಉಪವಾಸದ ನಿರ್ಧಾರ ಪ್ರಕಟಿಸಿದರು. ಸರಕಾರ ಮಣಿಯಿತು. 1982ರ ನವೆಂಬರ್ 1ರಂದು, ಬೆಂಗಳೂರು ಕೇಂದ್ರ ಆರಂಭವಾದ ಮರುವರ್ಷದ ಅದೇ ದಿನ, ವೇಲ್ಷ್ ಭಾಷೆಯ ಎಸ್4ಸಿ ವಾಹಿನಿ ಶುರುವಾಯಿತು. ನಾವು ಉಪವಾಸಕ್ಕೆ ಕೂಡ್ರುವಷ್ಟು ದೂರ ಹೋಗಬೇಕಾಗಿಲ್ಲ. ಆದರೆ ಅವರು ಕೇಳಿದ್ದು ನೋಡುವ ಹಕ್ಕನ್ನಷ್ಟೇ ಅಲ್ಲ, ತಮ್ಮ ನಾಡಿನಲ್ಲಿ ತಾವೇ ತಯಾರಿಸುವ ಹಕ್ಕನ್ನು ಎಂಬ ಭೇದ ನೆನಪಿರಲಿ.

1994ನೆಯ ಇಸವಿ ನಮ್ಮ ಪಾಲಿಗೆ ತಿರುವಿನ ವರ್ಷ. ಜೂನ್ 1ರಂದು ಉದಯ ವಾಹಿನಿ ಆರಂಭವಾಯಿತು. ದೂರದರ್ಶನದ ಕನ್ನಡ ಉಪಗ್ರಹ ವಾಹಿನಿ ಡಿಡಿ-9 ಸಹ ಅದೇ ವರ್ಷದ್ದು, ಅದೇ ಮುಂದೆ 'ಚಂದನ'ವಾಯಿತು. ಉಪಗ್ರಹಕ್ಕೆ ಕಾಗವಾಡವೂ ಒಂದೇ, ಸಾಂಗ್ಲಿವಾಡಿಯೂ ಒಂದೇ. ಆದರೆ ಉಪಗ್ರಹಕ್ಕೂ ನಮ್ಮ ಮನೆಗೂ ನಡುವೆ ಈಗ ಕೇಬಲ್‌ನವನು ನಿಂತಿದ್ದ. ಅವನ ಬಳಿ ಇದ್ದ ಸ್ಥಳ ಕೆಲವೇ ವಾಹಿನಿಗಳಿಗೆ. ನಾನು ಹೋಗಿ ಕೇಳಿದಾಗ ನಮ್ಮ ಭಾಗದ ಕೇಬಲ್‌ನ ಹುಡುಗ, 'ಗುರೂಜಿ, ಓಣಿಯಲ್ಲಿ ಹತ್ತು ಮನೆಯವರು ಕೇಳಿದರೆ ಹಾಕುತ್ತೇನೆ. ನೀವೊಬ್ಬರೇ ಕೇಳಿದರೆ ನಾಳೆ ಗುಜರಾತಿಯವರು ಬರುತ್ತಾರೆ' ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹತ್ತರ ಬದಲು ಹದಿನಾಲ್ಕು ಮನೆಯವರ ರುಜು ಒಯ್ದು ಕೊಟ್ಟೆ, ಉದಯ ಬಂತು. ಕೇಬಲ್ ಕಾನೂನು 1995ರಲ್ಲಿ ಬಂತು. 2000ನೆಯ ಇಸವಿಯ ತಿದ್ದುಪಡಿಯಲ್ಲಿ ದೂರದರ್ಶನದ ವಾಹಿನಿಗಳ ಜೊತೆಗೆ ರಾಜ್ಯದ ಪ್ರಾದೇಶಿಕ ಭಾಷೆಯ ವಾಹಿನಿಯೊಂದನ್ನೂ ಕೊಡುವುದು ಕಡ್ಡಾಯವಾಯಿತು. ರಾಜ್ಯದ ಭಾಷೆಗೆ ಆಸರೆ ದೊರೆಯಿತು. ರಾಜ್ಯದೊಳಗಿನ ಅಲ್ಪಸಂಖ್ಯ ಭಾಷೆಗೆ ಹದಿನಾಲ್ಕು ಮನೆಯವರ ರುಜುವೇ ಆಸರೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು 1956ರಲ್ಲಿ ನಮ್ಮ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ನಮ್ಮ ಶಾಲೆ ಇಂದು ನಿಂತಿರುವುದು ಅಂಥ ಭರವಸೆಯ ಮೇಲೆ. ಪರದೆಗೆ ಅಂಥದೊಂದು ವಿಧಿ ಬರಲಿಲ್ಲ.

ಆ ಬಳಿಕ ವಾಹಿನಿಗಳ ಸುಗ್ಗಿಯೇ ಆಯಿತು. 2000ರ ಡಿಸೆಂಬರಿನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಇವುಗಳ ಮೂಲ ನೋಡಿರಿ: ಉದಯದ ಒಡೆತನ ಮದ್ರಾಸಿನದು, ಈಟಿವಿಯದು ಹೈದರಾಬಾದಿನದು, ಜೀಯದು ಮುಂಬಯಿಯದು, ಸುವರ್ಣದ್ದು ಕೇರಳದ ಏಷಿಯಾನೆಟ್ ಬಳಗದ್ದು. ಒಡೆತನಗಳೂ ನಿಲ್ಲಲಿಲ್ಲ. ಈಟಿವಿ ಕನ್ನಡವು 2015ರಲ್ಲಿ ಕಲರ್ಸ್ ಕನ್ನಡವಾಯಿತು, ಸುವರ್ಣವು 2016ರಲ್ಲಿ ಸ್ಟಾರ್ ಸುವರ್ಣವಾಯಿತು, 2024ರ ನವೆಂಬರಿನಲ್ಲಿ ಎರಡೂ ಒಂದೇ ಸಂಸ್ಥೆಯ ಛತ್ರದಡಿ ಬಂದವು. ಅದೇ ಸಂಸ್ಥೆಯದೇ ಕಲರ್ಸ್ ಮರಾಠಿ, ಅದೇ ಸಂಸ್ಥೆಯದೇ ಸ್ಟಾರ್ ಪ್ರವಾಹ. ಜೀ ಬಳಗದಲ್ಲಿಯೂ ಹೀಗೆಯೇ. ಇದರ ಫಲವನ್ನು ಗಡಿಯ ಮನೆಗಳು ಮೊದಲು ಉಣ್ಣುತ್ತವೆ. ಜೀ ಮರಾಠಿಯ 'ತುಲಾ ಪಾಹತೇ ರೆ' ಧಾರಾವಾಹಿ ಕನ್ನಡದಲ್ಲಿ 'ಜೊತೆ ಜೊತೆಯಲಿ'ಯಾಗಿ ಬಂತು. 'ಅಗ್ಗಬಾಈ ಸಾಸುಬಾಈ' ಎಂಬುದು 'ಶ್ರೀರಸ್ತು ಶುಭಮಸ್ತು' ಆಯಿತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕನ್ನಡ ಧಾರಾವಾಹಿಯ ಮೊದಲ ಕಂತಿನಲ್ಲಿಯೇ ಅದರ ಮುಂದಿನ ಕಥೆ ಗೊತ್ತು. ಬೆಂಗಳೂರಿನ ಬೀಗತಿಗೆ ಫೋನಿನಲ್ಲಿ ಮುಂದಿನ ಕಥೆ ಹೇಳಿ ಬೈಸಿಕೊಂಡವರೂ ಉಂಟು.

ಇಷ್ಟರ ಮೇಲೆ ಕೊರತೆ ಏನು ಎಂದು ಕೇಳಬಹುದು. ನನ್ನ ಉತ್ತರ ಧಾರಾವಾಹಿಯಲ್ಲಿಲ್ಲ, ಕೃಷ್ಣೆಯ ಮಹಾಪೂರದಲ್ಲಿದೆ.

2005ರಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ, 2021ರ ಜುಲೈಯಲ್ಲಿ ಮಗುದೊಮ್ಮೆ ಸಾಂಗ್ಲಿವಾಡಿ ನೀರಿನಲ್ಲಿ ನಿಂತಿತು. 2019ರಲ್ಲಿ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮೀರಿತು. ಅಪಾಯದ ಮಟ್ಟ 45 ಅಡಿ. ನಮ್ಮ ಮನೆಯವರೆಲ್ಲ ಮಿರಜದ ಬಂಧುಗಳಲ್ಲಿ ಆಶ್ರಯ ಪಡೆದಿದ್ದೆವು. ಅಲ್ಲಿ ಒಂದೇ ಟೀವಿ, ಎರಡು ಭಾಷೆಯ ಸುದ್ದಿ ವಾಹಿನಿಗಳು. ಮರಾಠಿಯಲ್ಲಿ ದಿನವಿಡೀ ಆಲಮಟ್ಟಿಯ ಹಿನ್ನೀರಿನ ಚರ್ಚೆ, ಕರ್ನಾಟಕ ಬಾಗಿಲು ತೆರೆಯುತ್ತಿಲ್ಲವೆಂಬ ಆಕ್ರೋಶ. ಕನ್ನಡದಲ್ಲಿ ದಿನವಿಡೀ ಕೊಯ್ನಾದಿಂದ ಬಿಟ್ಟ ನೀರಿನ ಚರ್ಚೆ, ಮಹಾರಾಷ್ಟ್ರ ತಿಳಿಸದೆ ಬಿಟ್ಟಿತೆಂಬ ಆಕ್ರೋಶ. ಆ ದಿನಗಳಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್ಸ್ ಮೀರಿ ನೀರು ಹೊರಹೋಗುತ್ತಿತ್ತು. ಮುಂದೆ ಮಹಾರಾಷ್ಟ್ರ ಸರಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿಯು ಆ ಮಹಾಪೂರಕ್ಕೆ ಆಲಮಟ್ಟಿ ಕಾರಣವಲ್ಲವೆಂದು ವರದಿ ಕೊಟ್ಟಿತು. ಎರಡೂ ಭಾಷೆ ಬಲ್ಲ ನಮಗೆ ಅಂದು ಎರಡೂ ಕಡೆಯ ಮಾತು ಕೇಳಿ ತೂಗಿ ನೋಡುವ ಅವಕಾಶವಿತ್ತು. ಒಂದೇ ಭಾಷೆಯ ಮನೆಗೆ ಅದಿರಲಿಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಮತ್ತೊಂದು. ಆ ರಾತ್ರಿ ಅಥಣಿ ತಾಲೂಕಿನ ನದಿಯಂಚಿನ ಹಳ್ಳಿಯಿಂದ ನನ್ನ ಸೋದರ ಸೊಸೆಯ ಫೋನು ಬಂತು. 'ಮಾವಾರ, ನಿಮ್ಮ ಕಡೆ ನೀರು ಏರಾಕತ್ತೈತೋ, ಇಳಿಯಾಕತ್ತೈತೋ? ಇಲ್ಲಿ ಟೀವ್ಯಾಗ ಸಾಂಗಲಿ ಸುದ್ದೀನ ಇಲ್ಲ. ದನಾ ಬಿಚ್ಚಬೇಕೋ ಬ್ಯಾಡೋ ತಿಳೀವಲ್ದು.' ಆಯರ್ವಿನ್ ಸೇತುವೆಯ ಕೆಳಗೆ ಹರಿದ ನೀರೇ ಮುಂದೆ ಅವಳ ಹೊಲಕ್ಕೆ ಬರತಕ್ಕದ್ದು. ಅದರ ಮಟ್ಟವನ್ನು ಮರಾಠಿ ವಾಹಿನಿ ತಾಸುತಾಸಿಗೆ ಹೇಳುತ್ತಿತ್ತು. ಆದರೆ ಆ ವಾಹಿನಿ ಅವಳಿಗೆ ತಿಳಿಯದ ಭಾಷೆಯಲ್ಲಿತ್ತು. ಅವಳಿಗೆ ತಿಳಿಯುವ ಭಾಷೆಯ ವಾಹಿನಿಗೆ ಸಾಂಗಲಿ ಹೊರರಾಜ್ಯ. ಫೋನಿನಲ್ಲಿ ನಾನು ಮಟ್ಟ ಹೇಳಿದೆ, ಅವರು ದನ ಬಿಚ್ಚಿದರು. ನದಿ ಎರಡು ರಾಜ್ಯಗಳಲ್ಲಿ ಹರಿಯುತ್ತದೆ, ಸುದ್ದಿ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ಕನ್ನಡದ ವಾಹಿನಿಗಳು ಕೂಡ ಕನ್ನಡಕ್ಕೆ ಕಟ್ಟಿಕೊಂಡಿಲ್ಲ, ಕರ್ನಾಟಕದ ನಕಾಶೆಗೆ ಕಟ್ಟಿಕೊಂಡಿವೆ. ಜತ್ತ, ಮಿರಜ, ಅಕ್ಕಲಕೋಟ, ಸೊಲ್ಲಾಪುರಗಳ ಕನ್ನಡಿಗ ಅಲ್ಲಿ ನೋಡುಗನೇ ಹೊರತು ಸುದ್ದಿಯಲ್ಲ. ಗಡಿತಂಟೆ ಎದ್ದಾಗ ಮಾತ್ರ ಕ್ಯಾಮರಾ ಬರುತ್ತದೆ, ಎರಡು ಬಸ್ಸುಗಳಿಗೆ ಮಸಿ ಬಳಿದುದನ್ನು ತೋರಿಸಿ ಹೋಗುತ್ತದೆ. ನಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಪಠ್ಯಪುಸ್ತಕ ಯಾವ ತಿಂಗಳು ಬಂತು, ಖಾಲಿಯಾದ ಶಿಕ್ಷಕರ ಜಾಗ ತುಂಬಿತೇ, ಇವನ್ನು ಕೇಳಲು ಇದುವರೆಗೆ ಯಾವ ಕ್ಯಾಮರಾವೂ ನಮ್ಮ ಗೇಟಿನೊಳಗೆ ಬಂದುದನ್ನು ನಾನು ಕಂಡಿಲ್ಲ.

ಈಗ ಹಳೆಯ ಕಂಬಗಳ ಕಾಲ ಮುಗಿದಿದೆ. ದೂರದರ್ಶನದ ನೆಲದ ಪ್ರೇಷಕಗಳನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದು 2022ರ ಹೊತ್ತಿಗೆ ಬಹುತೇಕ ಮುಚ್ಚಿದರು. 2019ರ ಫೆಬ್ರುವರಿಯಿಂದ ಜಾರಿಗೆ ಬಂದ ದರಪದ್ಧತಿಯಂತೆ ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸಿ ಅದಕ್ಕಷ್ಟೇ ಹಣ ಕೊಡಬಹುದು. ಅಂದು ಹದಿನಾಲ್ಕು ರುಜು ಬೇಕಾಗಿದ್ದ ಕೆಲಸಕ್ಕೆ ಇಂದು ಒಂದು ಫೋನು ಸಾಕು. ಚಂದನವಂತೂ ಉಚಿತ, ಫ್ರೀ ಡಿಶ್‌ನಲ್ಲಿಯೂ ಇದೆ, ನಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಇದೆ. ಆದರೆ ನೂರಾರು ವಾಹಿನಿಗಳನ್ನು ದಾಟಿದ ಮೇಲೆ ಅದರ ಅಂಕಿ, ಅಲ್ಲಿಯವರೆಗೆ ಬೆರಳು ಹೋಗುವ ಮನೆ ವಿರಳ. 2002ರಿಂದ ನಡೆದುಬಂದು ಮೂರು ಸಾವಿರಕ್ಕೂ ಹೆಚ್ಚು ಕಂತು ದಾಟಿದ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಕನ್ನಡ ಪುಸ್ತಕಗಳನ್ನು ಬಹುಮಾನವಾಗಿ ಕೊಡುತ್ತಾರೆ. ನನ್ನ ಮೊಮ್ಮಗಳು ಮರಾಠಿ ಶಾಲೆಗೆ ಹೋಗುವವಳು. ಅದನ್ನು ಮೊದಲ ಸಲ ನೋಡಿದಾಗ, 'ಅಜ್ಜಾ, ನಮ್ಮ ಮನಿ ಮಾತಿನ್ಯಾಗ ಇಷ್ಟೊಂದು ಪುಸ್ತಕ ಅದಾವ?' ಎಂದು ಕೇಳಿದಳು. ಧಾರಾವಾಹಿಯಿಂದ ಮಗುವಿಗೆ ಕನ್ನಡದ ಕಿವಿ ಬರಬಹುದು. ಕನ್ನಡಕ್ಕೆ ಅಕ್ಷರವೂ ಉಂಟು, ಗ್ರಂಥವೂ ಉಂಟು ಎಂಬ ಅರಿವು ಬರಬೇಕಾದರೆ ಬೇರೆ ಬಗೆಯ ಕಾರ್ಯಕ್ರಮ ಬೇಕು, ಅಥವಾ ಶಾಲೆ ಬೇಕು. ಧಾರವಾಡ ಆಕಾಶವಾಣಿಯೂ ಈಗ ಮೊಬೈಲಿನಲ್ಲಿ ಕೇಳಿಸುತ್ತದೆ. ಅರವತ್ತು ವರ್ಷದ ಹಿಂದೆ ಪಡಸಾಲೆಯಲ್ಲಿ ಕೇಳಿದುದಕ್ಕಿಂತಲೂ ನಿಚ್ಚಳವಾಗಿ.

ಆದುದರಿಂದ ನೋಡಲು ಸಿಗುತ್ತಿಲ್ಲವೆಂಬ ಹಳೆಯ ದೂರನ್ನು ಮುಂದುವರಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ನಾವು ಕೇಳಬೇಕಾದುದು ಕಾಣಿಸಿಕೊಳ್ಳುವ ಹಕ್ಕನ್ನು. ಬೆಂಗಳೂರು ದೂರದರ್ಶನವೂ ಧಾರವಾಡ ಆಕಾಶವಾಣಿಯೂ ಹೊರರಾಜ್ಯದ ಗಡಿ ಕನ್ನಡಿಗರಿಗಾಗಿ ವಾರಕ್ಕೆ ಅರ್ಧ ತಾಸನ್ನು ನಿಯತವಾಗಿ ಮೀಸಲಿಡಬೇಕು. ಅದರ ಮಾತು, ಮುಖ, ಊರು ಗಡಿಯೀಚೆಯವಾಗಿರಬೇಕು. ಬೆಂಗಳೂರಿನ ಗಣ್ಯರು ಬಂದು ನಮ್ಮ ಬಗ್ಗೆ ಕನಿಕರ ತೋರಿಸುವ ಅರ್ಧ ತಾಸು ನಮಗೆ ಬೇಡ. ಮಳೆಗಾಲದ ಮೂರು ತಿಂಗಳು ಕೃಷ್ಣೆಯ ಮಟ್ಟವನ್ನು ಕೊಯ್ನಾದಿಂದ ಆಲಮಟ್ಟಿಯ ತನಕ ಒಂದೇ ಉಸಿರಿನಲ್ಲಿ, ಎರಡೂ ಭಾಷೆಗಳಲ್ಲಿ ಹೇಳುವ ಏರ್ಪಾಡನ್ನು ಸಾಂಗಲಿ ಹಾಗೂ ಧಾರವಾಡ ಆಕಾಶವಾಣಿಗಳು ಕೂಡಿ ಮಾಡಬೇಕು. ಒಂದು ಚಿತ್ರಕ್ಕೆ ಎರಡು ಧ್ವನಿ ಕೊಡುವುದು ಹಿಂದೆಯೇ ಸಾಧ್ಯವಾಗಿದ್ದರೆ ಇಂದು ಇದು ಅಸಾಧ್ಯವೆಂದು ಯಾರೂ ಹೇಳಲಾರರು.

ಇನ್ನೊಂದು ಕೆಲಸಕ್ಕೆ ಯಾವ ಸರಕಾರವೂ ಬೇಕಿಲ್ಲ. ನಮ್ಮ ಊರಿನ ಕೇಬಲ್‌ನವರು ತಮ್ಮದೇ ಒಂದು ಸ್ಥಳೀಯ ವಾಹಿನಿ ನಡೆಸುತ್ತಾರೆ. ಗಣೇಶೋತ್ಸವ, ಅರಿಷಿಣ ಪೇಟೆಯ ದರ, ಬಂಗಾರದ ಅಂಗಡಿಯ ಜಾಹೀರಾತು, ಶಾಲೆಗಳ ಸ್ನೇಹಸಮ್ಮೇಳನ ಎಲ್ಲವೂ ಅದರಲ್ಲಿ ಬರುತ್ತವೆ. ಅಂದಿನ ಹುಡುಗನಿಗೆ ಈಗ ತಲೆ ನರೆತಿದೆ. ಕಳೆದ ದೀಪಾವಳಿಯಲ್ಲಿ ನಾನು ವಾರಕ್ಕೊಮ್ಮೆ ಇಪ್ಪತ್ತು ಮಿನಿಟು ಕನ್ನಡಕ್ಕೆ ಕೊಡುವೆಯಾ ಎಂದು ಕೇಳಿದೆ. 'ಗುರೂಜಿ, ಸ್ಥಳವಿದೆ, ಕಾರ್ಯಕ್ರಮ ನೀವು ತಯಾರಿಸಿ ತನ್ನಿ, ದುಡ್ಡು ಕೇಳುವುದಿಲ್ಲ' ಎಂದ. ಕಾರ್ಯಕ್ರಮ ಯಾರು ತಯಾರಿಸಬೇಕು? ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಮದುವೆಯ ಚಿತ್ರೀಕರಣವನ್ನೇ ವೃತ್ತಿಯಾಗಿಸಿಕೊಂಡವರು ಇದ್ದಾರೆ, ಪುಣೆಯ ಕಂಪನಿಗಳಲ್ಲಿ ಗಣಕಯಂತ್ರದ ಕೆಲಸ ಮಾಡುವವರು ಇದ್ದಾರೆ, ಜತ್ತದ ಭಜನಾ ಮಂಡಳಿಗಳಲ್ಲಿ ಹಾಡುವವರು ಇದ್ದಾರೆ. ಮೊದಲ ಕಂತಿಗೆ ಏಳನೆಯ ಇಯತ್ತೆಯ ಮಕ್ಕಳ ಕಥನ, ಡೊಳ್ಳಿನ ಪದ, ಕನ್ನಡ ಮಾಧ್ಯಮದಲ್ಲಿ ಓದಿ ವೈದ್ಯರಾದ ನಮ್ಮ ವಿದ್ಯಾರ್ಥಿನಿಯ ಸಂದರ್ಶನ ಎಂದು ಗೊತ್ತುಪಡಿಸಿದ್ದೇವೆ. ಕೆಳಗೆ ಮರಾಠಿಯಲ್ಲಿ ಅಕ್ಷರಗಳು ಓಡಬೇಕು, ಓಣಿಯವರಿಗೂ ತಿಳಿಯಲಿ ಎಂದು.

ಬೆಂಗಳೂರಿಗೂ ಧಾರವಾಡಕ್ಕೂ ಕಳುಹಿಸಬೇಕಾದ ಅರ್ಜಿಯ ಕರಡನ್ನು ಬರೆದು ಶಾಲೆಯ ಕಚೇರಿಯಲ್ಲಿ ಇರಿಸಿದ್ದೇನೆ. ಮಹೋತ್ಸವದ ಮೂರೂ ದಿನ ಅದು ಮುಖ್ಯ ಮಂಟಪದ ಎಡಬದಿಯ ಮೇಜಿನ ಮೇಲಿರುತ್ತದೆ. ರುಜುವಿನ ಜೊತೆಗೆ ಊರು, ತಾಲೂಕು ಮತ್ತು ಮನೆಯಲ್ಲಿ ಕನ್ನಡ ಓದಬಲ್ಲ ಮಕ್ಕಳ ಸಂಖ್ಯೆಯನ್ನು ದಯವಿಟ್ಟು ಬರೆಯಿರಿ.